ಹೊಸ ಶೆಡ್ಡಿನಲ್ಲಿ ವಿಳಾಸ ಸಿಗದ ಮಳೆಗಾಲ

ಕಳೆದ ತಿಂಗಳು ತುಮಕೂರಿನಲ್ಲಿ ಚಿಕ್ಕಮ್ಮನ ಮನೆಯ ಗೃಹಪ್ರವೇಶಕ್ಕೆ ಹೊರಟಿದ್ದೆ. ದಾಬಸ್‌ಪೇಟೆಯ ಹತ್ತಿರ ಬಸ್ಸು ವಾಹನಗಳ ಸಾಲಿನಲ್ಲಿ ಸಿಕ್ಕಿ ನಿಂತುಬಿಟ್ಟಿತು. ಪಕ್ಕದಲ್ಲೊಂದು ಲಾರಿ. ಟಾರ್ಪಾಲು ಹರಿದು ಒಳಗಿನ ರಟ್ಟಿನ ಪೆಟ್ಟಿಗೆಗಳು ಮಳೆಗೆ ನೆಂದಿದ್ದವು. ನೆಂದ ರಟ್ಟಿನ ಆ ಮುಗ್ಗಲು ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ಸೋಂಪುರದ ಗೋದಾಮಿನಲ್ಲಿ ನಾನು ಕೆಲಸ ಮಾಡಿದ ಆ ಮಳೆಗಾಲ ಪೂರ್ತಿಯಾಗಿ ನೆನಪಿಗೆ ಬಂತು. ಗೃಹಪ್ರವೇಶದ ಊಟ ಬಡಿಸುವಾಗಲೂ ನನ್ನ ತಲೆಯಲ್ಲಿ ಅದೇ ಓಡುತ್ತಿತ್ತು.

ನಮ್ಮೂರು ದೊಡ್ಡಬಳ್ಳಾಪುರ. ಮನೆಯ ಹಿಂಭಾಗದಲ್ಲಿ ಅಪ್ಪನ ಮಗ್ಗಗಳಿವೆ. ಆ ಸದ್ದಿನ ನಡುವೆ ಹುಟ್ಟಿ ಬೆಳೆದವರಿಗೆ ಮೆಲ್ಲಗೆ ಮಾತಾಡುವುದು ಬರುವುದಿಲ್ಲ, ನನಗೂ ಬರುವುದಿಲ್ಲ. ಡಿಪ್ಲೊಮಾ ಮುಗಿಸಿ, ಕಚೇರಿ, ಕಾರ್ಖಾನೆಗಳಲ್ಲಿ ಕಂಪ್ಯೂಟರ್ ನೆಟ್‌ವರ್ಕ್ ನೋಡಿಕೊಳ್ಳುವ ಒಂದು ಸಣ್ಣ ಕಂಪನಿಗೆ ಸೇರಿದ್ದೆ. ಆ ವರ್ಷ ಶ್ರಾವಣ ಶುರುವಾಗುವ ಹೊತ್ತಿಗೆ ನನ್ನನ್ನು ಸೋಂಪುರ ಕೈಗಾರಿಕಾ ಪ್ರದೇಶದ ಗೋದಾಮೊಂದಕ್ಕೆ ಕಳಿಸಿದರು. ಗೌರಿ ಹಬ್ಬದಿಂದ ದೀಪಾವಳಿಯವರೆಗೆ ಅಲ್ಲಿ ಕೆಲಸ ವಿಪರೀತ. ಆ ಹಬ್ಬಗಳ ಸಾಲು ಮುಗಿಯುವವರೆಗೆ ನೆಟ್‌ವರ್ಕ್ ಎಲ್ಲೂ ನಿಲ್ಲದಂತೆ ನೋಡಿಕೊಳ್ಳುವುದು ನನ್ನ ಜವಾಬ್ದಾರಿ. ದಿನಾ ಬೆಳಿಗ್ಗೆ ದೊಡ್ಡಬಳ್ಳಾಪುರದಿಂದ ದಾಬಸ್‌ಪೇಟೆಗೆ ಬಸ್ಸು, ಅಲ್ಲಿಂದ ಷೇರ್ ಆಟೊ. ದಾರಿಯುದ್ದಕ್ಕೂ ರಾಗಿ ಹೊಲ, ನಡುನಡುವೆ ಹೊಸದಾಗಿ ಎದ್ದ ತಗಡಿನ ಶೆಡ್ಡುಗಳು. ಮೋಡ ಸರಿದರೆ ಶಿವಗಂಗೆ ಬೆಟ್ಟ ಕಾಣಿಸುತ್ತಿತ್ತು. ಆ ವರ್ಷ ಮೋಡ ಸರಿದದ್ದೇ ಕಡಿಮೆ.

ಗೋದಾಮಿಗೆ ಎರಡು ಭಾಗ. ಮೊದಲಿನಿಂದ ಇದ್ದದ್ದು ಹಳೆ ಶೆಡ್ಡು. ವ್ಯಾಪಾರ ಬೆಳೆದ ಮೇಲೆ ಅದರ ಪಕ್ಕದಲ್ಲೇ, ಲಾರಿ ನಿಲ್ಲುವ ಅಂಗಳಕ್ಕೆ ಹೊಂದಿಕೊಂಡಂತೆ, ಹೊಸ ಶೆಡ್ಡು ಕಟ್ಟಿದ್ದರು. ನಡುವೆ ಮೇಲ್ಛಾವಣಿ ಇರುವ ಓಣಿ. ಸೋಪು, ಎಣ್ಣೆ, ಬಿಸ್ಕತ್ತು, ಆಟಿಕೆ, ಬಟ್ಟೆ, ಎಲ್ಲವೂ ಎತ್ತರದ ರ‍್ಯಾಕುಗಳಲ್ಲಿ. ಅವನ್ನು ತೆಗೆದು ಕೊಡುವವರು ಸುತ್ತಲ ಹಳ್ಳಿಗಳಿಂದ ವ್ಯಾನಿನಲ್ಲಿ ಬರುತ್ತಿದ್ದ ಹೆಂಗಸರು. ಒಬ್ಬೊಬ್ಬರ ಕೈಯಲ್ಲೂ ದಪ್ಪ ಮೊಬೈಲಿನಂಥ ಒಂದು ಸ್ಕ್ಯಾನರ್. ಯಾವ ರ‍್ಯಾಕಿಗೆ ಹೋಗಬೇಕು, ಯಾವ ಸಾಮಾನು ತೆಗೆಯಬೇಕು ಎಂದು ಅದು ಹೇಳುತ್ತದೆ. ಸಾಮಾನಿಗೆ ಹಿಡಿದರೆ ಬೀಪ್ ಅನ್ನುತ್ತದೆ, ಮುಂದಿನದನ್ನು ತೋರಿಸುತ್ತದೆ. ಯಾರು ಎಷ್ಟು ತೆಗೆದರು ಎಂಬುದು ಮ್ಯಾನೇಜರ್ ಉಮೇಶ್ ಅವರ ಕೋಣೆಯ ಗೋಡೆಯ ಪರದೆಯ ಮೇಲೆ ಹೆಸರಿನ ಸಮೇತ ಕಾಣುತ್ತಿತ್ತು. ಹಿಂದೆ ಬಿದ್ದವರ ಹೆಸರು ಕೆಂಪು. ಕೆಂಪು ಮತ್ತೆ ಮತ್ತೆ ಬಂದರೆ, ಅವರನ್ನು ಕರೆತಂದ ಕಂಟ್ರಾಕ್ಟರಿಗೆ ಹೇಳಿ ಬಿಡಿಸಿಬಿಡುತ್ತಿದ್ದರು.

ಉಮೇಶ್ ನೆಲಮಂಗಲದವರು, ಕೆಟ್ಟವರಲ್ಲ. ನಾನು ಹೋದ ದಿನವೇ ಟೀ ತರಿಸಿಕೊಟ್ಟು ಕಷ್ಟ ಹೇಳಿಕೊಂಡರು. ಹೊಸ ಶೆಡ್ಡು ಶುರುವಾದಾಗಿನಿಂದ ಕೆಲಸ ಸಾಗುತ್ತಿಲ್ಲ, ಪ್ಯಾಕಿಂಗ್ ಮೇಜಿನ ಪ್ರಿಂಟರುಗಳು ಕೈ ಕೊಡುತ್ತಿವೆ, ಸ್ಕ್ಯಾನರುಗಳು ನಡುವೆಯೇ ನಿಂತುಹೋಗುತ್ತವೆ ಎಂದು ಹೆಂಗಸರು ನೆಪ ಹೇಳುತ್ತಾರೆ ಎಂದರು. ಬೆಂಗಳೂರಿನ ಮುಖ್ಯ ಕಚೇರಿಯಲ್ಲಿ ತಮ್ಮ ಹೆಸರೂ ಯಾವುದೋ ಪರದೆಯ ಮೇಲೆ ಕೆಂಪಾಗಿಯೇ ಇರಬೇಕು ಎಂದು ನಕ್ಕರು. ಅದು ನಗುವ ಮಾತಾಗಿರಲಿಲ್ಲ ಎಂದು ಅವರ ಕಣ್ಣು ನೋಡಿದರೇ ಗೊತ್ತಾಗುತ್ತಿತ್ತು.

ನನ್ನ ಕೆಲಸದ ವಿಷಯ ಸ್ವಲ್ಪ ಹೇಳಬೇಕು. ನೆಟ್‌ವರ್ಕಿಗೆ ಸೇರುವ ಪ್ರತಿಯೊಂದು ಯಂತ್ರಕ್ಕೂ ಒಂದು ವಿಳಾಸ ಬೇಕು. ವಿಳಾಸವಿಲ್ಲದಿದ್ದರೆ ಅದಕ್ಕೆ ಯಾರೂ ಏನನ್ನೂ ಕಳಿಸುವಂತಿಲ್ಲ. ಯಂತ್ರ ಆನ್ ಆದ ಕೂಡಲೇ ನನಗೊಂದು ವಿಳಾಸ ಕೊಡಿ ಎಂದು ಕೂಗುತ್ತದೆ. ಒಂದು ಸರ್ವರ್ ಅದನ್ನು ಕೇಳಿಸಿಕೊಂಡು, ತನ್ನ ಹತ್ತಿರ ಖಾಲಿ ಇರುವ ಒಂದನ್ನು ಇಷ್ಟು ಕಾಲಕ್ಕೆ ಎಂದು ಕೊಡುತ್ತದೆ. ಆ ಗೋದಾಮಿನಲ್ಲಿ ತಂತಿ ಒಂದೇ ಆದರೂ ಅದರೊಳಗೆ ಹಲವು ನೆಟ್‌ವರ್ಕುಗಳನ್ನು ಬೇರೆ ಬೇರೆ ಮಾಡಿದ್ದರು. ಕಚೇರಿಯ ಕಂಪ್ಯೂಟರಿಗೆ ಒಂದು, ಕ್ಯಾಮೆರಾಗಳಿಗೆ ಒಂದು, ಪ್ರಿಂಟರಿಗೆ ಒಂದು, ಹಳೆ ಶೆಡ್ಡಿನ ವೈಫೈಗೆ ಒಂದು, ಹೊಸ ಶೆಡ್ಡಿನದಕ್ಕೆ ಇನ್ನೊಂದು. ಒಂದರ ಕೂಗು ಇನ್ನೊಂದಕ್ಕೆ ಕೇಳುವುದಿಲ್ಲ. ಸರ್ವರ್ ಇರುವುದು ಕಚೇರಿಯ ಕಡೆ. ಆದ್ದರಿಂದ ಪ್ರತಿಯೊಂದು ನೆಟ್‌ವರ್ಕಿನ ಕೂಗನ್ನೂ ಸರ್ವರಿಗೆ ದಾಟಿಸುವಂತೆ ತಂತಿಗಳೆಲ್ಲ ಬಂದು ಸೇರುವ ಸ್ವಿಚ್ ಎಂಬ ಪೆಟ್ಟಿಗೆಗೆ ಹೇಳಿಕೊಡಬೇಕು.

ಹಿಂದೆ ಕೆಲಸ ಮಾಡಿದವರು ಪ್ರಿಂಟರ್ ನೆಟ್‌ವರ್ಕಿಗೆ ಹಾಗೆ ಹೇಳಿಕೊಡುವುದನ್ನೇ ಮರೆತಿದ್ದರು. ಅದು ನನಗೆ ಮೊದಲ ದಿನವೇ ಸಿಕ್ಕಿತು. ಸ್ವಿಚ್ಚಿನಲ್ಲಿ ಒಂದು ಸಾಲಿನ ಆದೇಶ ಸೇರಿಸಿದೆ, ಪ್ರಿಂಟರುಗಳು ಒಂದಾದ ಮೇಲೊಂದು ಎಚ್ಚೆತ್ತು ಕಾಗದ ಉಗುಳತೊಡಗಿದವು. ಉಮೇಶ್ ಬಂದು ಕೈ ಕುಲುಕಿದರು. ಇನ್ನೇನಿದೆ, ಎಲ್ಲ ಸರಿಹೋಯಿತು ಎಂದುಕೊಂಡು ಖುಷಿಯಿಂದ ಬಸ್ಸು ಹತ್ತಿದೆ.

ಮಾರನೆಯ ದಿನ ಬೆಳಿಗ್ಗೆ ಪರದೆಯ ಮೇಲೆ ಕೆಂಪು ಹೆಸರುಗಳು ಇದ್ದ ಹಾಗೇ ಇದ್ದವು.

ನನ್ನ ಲ್ಯಾಪ್‌ಟಾಪಿಗೆ ಎಲ್ಲಿ ಕೂತರೂ ವಿಳಾಸ ಸಿಗುತ್ತಿತ್ತು. ನಾನು ಕೂರುತ್ತಿದ್ದದ್ದು ಕಚೇರಿಯ ತಂತಿಗೆ ಸಿಕ್ಕಿಸಿಕೊಂಡು, ಅಥವಾ ಬೆಳಗಿನ ಹೊತ್ತು ಹೊಸ ಶೆಡ್ಡಿನಲ್ಲಿ. ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ನೋಡಿ ಮೇಡಂ, ನೆಪ ಅಂತ ನಾನು ಹೇಳಿರಲಿಲ್ಲವಾ ಎಂದರು ಉಮೇಶ್. ನನಗೂ ಅರ್ಧ ಹಾಗೇ ಅನ್ನಿಸತೊಡಗಿತ್ತು. ಆದರೆ ಕೆಂಪು ಹೆಸರುಗಳೆಲ್ಲ ಎರಡೂ ಶೆಡ್ಡುಗಳ ನಡುವೆ ಓಡಾಡುವ ಗುಂಪಿನವರದ್ದೇ ಆಗಿದ್ದವು. ಒಂದೇ ಶೆಡ್ಡಿನಲ್ಲಿ ಇರುವವರು ಯಾರೂ ಹಿಂದೆ ಬಿದ್ದಿರಲಿಲ್ಲ. ಸೋಮಾರಿಗಳೆಲ್ಲ ಹೇಗೆ ಒಂದೇ ಗುಂಪಿಗೆ ಬಂದು ಸೇರಿದರು ಎಂಬ ಅನುಮಾನ ಉಳಿದುಕೊಂಡಿತು. ಕೂತು ನೋಡುವುದು ಬಿಟ್ಟು, ಆ ಗುಂಪಿನ ಒಬ್ಬರ ಜೊತೆ ನಡೆದು ನೋಡೋಣ ಎಂದುಕೊಂಡೆ.

ಹಾಗೆ ಪರಿಚಯವಾದವರು ರತ್ನಮ್ಮ. ಶಿವಗಂಗೆಯ ತಪ್ಪಲಿನ ಒಂದು ಹಳ್ಳಿಯವರು, ನಲವತ್ತರ ಆಚೆ ವಯಸ್ಸು. ಸೀರೆಯ ಮೇಲೆ ಕಂಪನಿಯ ನೀಲಿ ಕೋಟು, ಕಾಲಿಗೆ ಕ್ಯಾನ್ವಾಸ್ ಶೂ. ಮೊದಲು ಅವರು ನನ್ನ ಜೊತೆ ಮಾತೇ ಆಡಲಿಲ್ಲ. ತಮ್ಮ ಮೇಲೆ ನಿಗಾ ಇಡಲು ನನ್ನನ್ನು ಕಳಿಸಿದ್ದಾರೆ ಎಂದುಕೊಂಡಿದ್ದರಂತೆ. ಕನ್ವೇಯರ್ ಬೆಲ್ಟಿನ ಸದ್ದಿನಲ್ಲೂ ನನ್ನ ಮಾತು ಕೇಳಿಸುತ್ತದೆ ಎಂದು ಒಂದು ಸಲ ನಕ್ಕರು. ಮಗ್ಗದ ಮನೆಯವಳು ಎಂದೆ. ಆಮೇಲೆ ಮಾತಿಗೆ ಬಂದರು. ಅವರ ಮದುವೆಯ ಸೀರೆ ನಮ್ಮೂರಿಂದಲೇ ತಂದದ್ದಂತೆ, ಇನ್ನೂ ಚೆನ್ನಾಗಿದೆಯಂತೆ.

ಹಳೆ ಶೆಡ್ಡಿನಲ್ಲಿ ಅವರ ಕೈ ಎಷ್ಟು ಚುರುಕಾಗಿತ್ತೆಂದರೆ ನಾನು ಹಿಂದೆ ಹಿಂದೆ ಓಡಬೇಕಾಯಿತು. ಓಣಿ ದಾಟಿ ಹೊಸ ಶೆಡ್ಡಿಗೆ ಕಾಲಿಟ್ಟದ್ದೇ ಸ್ಕ್ಯಾನರಿನ ಪರದೆಯ ಮೇಲೆ ಸಣ್ಣ ಚಕ್ರ ತಿರುಗತೊಡಗಿತು. ತಿರುಗುತ್ತಲೇ ಇತ್ತು. ರತ್ನಮ್ಮ ಅದನ್ನು ಕೋಟಿನ ತೋಳಿಗೆ ಒರೆಸಿದರು, ಸೆರಗಿನ ತುದಿಯಿಂದ ಒರೆಸಿದರು, ಮತ್ತೆ ಒತ್ತಿದರು. ಕೊನೆಗೆ ಅದನ್ನು ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡು ನಿಂತರು.

"ನನ್ ಕೈ ಸಿಕ್ಕಾಪಟ್ಟೆ ಬೆವರುತ್ತೆ ಮೇಡಂ. ಆ ನೀರು ಒಳಗಿಳಿದು ಇದು ನಿಂತೋಗುತ್ತೇನೋ. ನಾನೂ ಎಷ್ಟೋ ಹುಷಾರಾಗೇ ಇಟ್ಕೋತೀನಿ," ಎಂದರು.

ಅವರ ಗುಂಪಿನಲ್ಲಿ ಇನ್ನೊಬ್ಬಾಕೆ, ತಾನು ಬಟನ್ ಜೋರಾಗಿ ಒತ್ತುವುದರಿಂದ ಹಾಗಾಗುತ್ತದೆ ಎಂದುಕೊಂಡಿದ್ದಳು. ಎಲ್ಲರೂ ತಪ್ಪು ತಮ್ಮದೇ ಎಂದು ಒಳಗೊಳಗೇ ಒಪ್ಪಿಕೊಂಡಿದ್ದರು. ಅದಕ್ಕೇ ಜೋರಾಗಿ ದೂರು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ರತ್ನಮ್ಮನಿಗೆ ಎರಡು ಎಚ್ಚರಿಕೆ ಆಗಿಹೋಗಿತ್ತು, ಇನ್ನೊಂದಾದರೆ ಮನೆಗೆ. ಅವರದೇ ಊರಿನ ಜಯಂತಿ ಎಂಬ ಹೆಣ್ಣುಮಗಳನ್ನು ನಾನು ಬರುವುದಕ್ಕೆ ಮುಂಚೆಯೇ ಕೈ ನಿಧಾನ ಎಂದು ಬಿಡಿಸಿಬಿಟ್ಟಿದ್ದರು. ಅವಳನ್ನು ಈ ಕೆಲಸಕ್ಕೆ ಸೇರಿಸಿದ್ದು ರತ್ನಮ್ಮನೇ ಅಂತೆ. ಈಗ ಊರಲ್ಲಿ ಅವಳ ಮನೆ ಮುಂದೆ ಹಾದುಹೋಗಲೂ ಮುಖವಿಲ್ಲ ಎಂದರು.

ನಮ್ಮ ಮನೆಯಲ್ಲಿ ಕರೆಂಟು ಹೋದರೆ ಮಗ್ಗ ನಿಲ್ಲುತ್ತದೆ. ಆಗ ನೇಯುವವರನ್ನು ಯಾರೂ ಸೋಮಾರಿ ಎನ್ನುವುದಿಲ್ಲ, ಏಕೆಂದರೆ ಕರೆಂಟು ಹೋದದ್ದು ಎಲ್ಲರಿಗೂ ಕಾಣುತ್ತದೆ. ಇಲ್ಲಿ ಹೋದದ್ದು ಯಾರಿಗೂ ಕಾಣುತ್ತಿರಲಿಲ್ಲ. ಕೈಯಲ್ಲಿ ಯಂತ್ರ ಹಿಡಿದು ಸುಮ್ಮನೆ ನಿಂತ ಹೆಂಗಸು ಮಾತ್ರ ಕಾಣುತ್ತಿದ್ದಳು.

ನನ್ನ ಫೋನನ್ನು ಅದೇ ವೈಫೈಗೆ ಹಾಕಿ ನೋಡಿದೆ. ಅದಕ್ಕೂ ವಿಳಾಸ ಸಿಗಲಿಲ್ಲ. ಬೆಳಿಗ್ಗೆ ಲ್ಯಾಪ್‌ಟಾಪಿಗೆ ಸಿಕ್ಕಿದ್ದು ಈಗ ಯಾಕಿಲ್ಲ? ಯೋಚಿಸುತ್ತಾ ಸರಕು ಇಳಿಸುವ ದೊಡ್ಡ ಬಾಗಿಲ ಹತ್ತಿರ ಬಂದೆ. ಹೊರಗೆ ಮಳೆ ಹಿಡಿದಿತ್ತು. ಅಂಗಳದ ತುಂಬಾ ಲಾರಿಗಳು. ಸೂರಿನ ಕೆಳಗೆ ಚಾಲಕರು, ಕ್ಲೀನರುಗಳು ಸಾಲಾಗಿ ಕುಕ್ಕರುಗಾಲಿನಲ್ಲಿ ಕೂತು ಫೋನು ನೋಡುತ್ತಿದ್ದರು. ಒಬ್ಬ ಫೋನಿನ ಪರದೆಯಲ್ಲಿ ಯಾರದೋ ಮುಖ ನೋಡಿಕೊಂಡು ತಮಿಳಿನಲ್ಲಿ ಮಾತಾಡುತ್ತಿದ್ದ, ಇನ್ನೊಬ್ಬ ಸಿನಿಮಾ ನೋಡುತ್ತಿದ್ದ. ನನಗೆ ತಟ್ಟನೆ ಹೊಳೆಯಿತು. ಆ ಅಂಗಳದಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಮನೆಗೆ ಫೋನ್ ಮಾಡಬೇಕಾದರೆ ನಾನೇ ಗೇಟು ದಾಟಿ ರಸ್ತೆಗೆ ಹೋಗುತ್ತಿದ್ದೆ. ಇವರೆಲ್ಲ ನೋಡುತ್ತಿದ್ದದ್ದು ನಮ್ಮ ವೈಫೈಯಲ್ಲಿ.

ಸರ್ವರಿನಲ್ಲಿ ನೋಡಿದರೆ ಹಾಗೇ ಇತ್ತು. ಹೊಸ ಶೆಡ್ಡಿಗೆ ಕೊಟ್ಟಿದ್ದ ವಿಳಾಸಗಳೇ ಸ್ವಲ್ಪ. ಒಂದು ಸಲ ಕೊಟ್ಟರೆ ವಾರದವರೆಗೆ ಅವರದೇ ಎಂದು ಬೇರೆ ಇಟ್ಟಿದ್ದರು. ಲಾರಿ ಬಂದು, ಸರಕು ಇಳಿಸಿ, ಹೊಸೂರಿಗೋ ಹುಬ್ಬಳ್ಳಿಗೋ ಹೋಗಿ ಆಗಿರುತ್ತಿತ್ತು. ಚಾಲಕನ ಫೋನಿಗೆ ಕೊಟ್ಟ ವಿಳಾಸ ಮಾತ್ರ ಇಲ್ಲಿ ಅವನ ಹೆಸರಲ್ಲೇ ಕಾದಿರುತ್ತಿತ್ತು. ಆದರೆ ಸ್ಕ್ಯಾನರುಗಳು ಶೆಡ್ಡು ಬಿಡುವಾಗ ತಮ್ಮ ವಿಳಾಸವನ್ನು ಮರ್ಯಾದೆಯಿಂದ ವಾಪಸ್ ಕೊಟ್ಟು ಹೋಗುತ್ತಿದ್ದವು. ರತ್ನಮ್ಮ ಹಳೆ ಶೆಡ್ಡಿಗೆ ಹೋಗಿ ಬರುವಷ್ಟರಲ್ಲಿ ಅದನ್ನು ಯಾವುದೋ ಫೋನು ತೆಗೆದುಕೊಂಡಿರುತ್ತಿತ್ತು. ಬೆಳಿಗ್ಗೆ ಒಂದಿಷ್ಟು ವಿಳಾಸಗಳ ವಾಯಿದೆ ಮುಗಿದು ಖಾಲಿಯಾಗುತ್ತಿದ್ದವು. ಲಾರಿಗಳು ಬಂದಂತೆ ಅವೂ ತುಂಬಿಹೋಗುತ್ತಿದ್ದವು. ಹೊಸ ಶೆಡ್ಡಿನಲ್ಲೇ ಇದ್ದವರಿಗೆ ಏನೂ ತೊಂದರೆಯಿಲ್ಲ. ದಾಟಿ ಹೋಗಿ ಬರುವವರಿಗೆ ಮಾತ್ರ ಜಾಗವಿಲ್ಲ.

ಚಾಲಕರಿಗೆ ಪಾಸ್‌ವರ್ಡ್ ಕೊಟ್ಟವರು ಯಾರೆಂದು ಹುಡುಕಲು ಕಷ್ಟವಾಗಲಿಲ್ಲ. ಕೇಳಿದ ಕೂಡಲೇ ಎಲ್ಲರೂ ಗೇಟಿನ ಕಡೆ ಕೈ ತೋರಿಸಿ, ಅಯ್ಯನೋರು ಎಂದರು. ಗಂಗಯ್ಯ ಗೇಟಿನ ಕಾವಲಿನವರು, ತ್ಯಾಮಗೊಂಡ್ಲು ಕಡೆಯ ಹಿರಿಯರು. ದಿನಾ ಬೆಳಿಗ್ಗೆ ನನಗೆ ಛತ್ರಿ ಹಿಡಿದು ಆಟೊದಿಂದ ಒಳಗೆ ಕರೆದುಕೊಂಡು ಬರುತ್ತಿದ್ದವರು ಅವರೇ. ಕೇಳಿದಾಗ ಮುಚ್ಚಿಡಲಿಲ್ಲ. ಪ್ಯಾಕಿಂಗ್ ಮೇಜಿನ ಹಿಂದಿನ ಗೋಡೆಯ ಮೇಲೆ ಪಾಸ್‌ವರ್ಡನ್ನು ಮೊದಲಿನಿಂದಲೂ ಅಂಟಿಸಿದ್ದರಂತೆ. ಕೃಷ್ಣಗಿರಿಯ ಕಡೆಯ ಒಬ್ಬ ಚಾಲಕನ ಹೆಂಡತಿ ಹೆರಿಗೆಗೆ ಆಸ್ಪತ್ರೆಯಲ್ಲಿದ್ದಳಂತೆ. ಲಾರಿ ಬಿಟ್ಟು ಹೋಗುವಂತಿಲ್ಲ, ಫೋನೂ ಹತ್ತುತ್ತಿಲ್ಲ. ಆತ ಮಳೆಯಲ್ಲಿ ನೆನೆಯುತ್ತಾ ಫೋನು ಮೇಲೆತ್ತಿ ಹಿಡಿದುಕೊಂಡು ಅಂಗಳದ ತುಂಬಾ ಅಲೆಯುವುದನ್ನು ನೋಡಲಾಗಲಿಲ್ಲ ಎಂದರು.

"ಹೆಣ್ಣು ಮಗು ಆಯ್ತು ಮೇಡಂ. ಫೋನಲ್ಲಿ ನನಗೂ ತೋರಿಸ್ದ. ಆಮೇಲೆ ಇವ್ನು ಅವ್ನಿಗೆ ಹೇಳ್ದ, ಅವ್ನು ಇನ್ನೊಬ್ಬನಿಗೆ ಹೇಳ್ದ. ಪಾಪ, ಹೆಂಡ್ತಿ ಮಕ್ಕಳ ಜೊತೆ ನಾಲ್ಕ್ ಮಾತಾಡ್ಕೋತಾರೆ, ಅದ್ರಲ್ಲೇನು ಅಂತ ಸುಮ್ಕಿದ್ದೆ."

ಅದರಲ್ಲೇನು ಎಂಬುದನ್ನು ನಾನು ಹೇಳಬೇಕಾಯಿತು. ಆದಷ್ಟು ಮೆಲ್ಲಗೆ ಹೇಳಿದೆ. ಗಂಗಯ್ಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡರು. ದಿನಾ ಸಂಜೆ ವ್ಯಾನು ಹತ್ತುವ ಆ ಹೆಂಗಸರ ಮುಖ ನೋಡುತ್ತಿದ್ದವರು ಅವರು. ಯಾರು ಬೈಸಿಕೊಂಡು ಬಂದಿದ್ದಾರೆ ಎಂದು ಮುಖ ನೋಡಿಯೇ ಹೇಳುತ್ತಿದ್ದರಂತೆ.

"ಹಂಗಾದ್ರೆ ಆ ಹೆಣ್ಮಕ್ಕಳಿಗೆ ಬೈಸ್ದೋನು ನಾನೇ ಆದ್ನಲ್ಲಮ್ಮ," ಎಂದರು.

ಅಲ್ಲ ಎಂದೆ. ವಿಳಾಸಗಳನ್ನು ಇಷ್ಟು ಕಡಿಮೆ ಇಟ್ಟು, ವಾರಗಟ್ಟಲೆ ಹಿಡಿದಿಡುವಂತೆ ಮಾಡಿ, ಪಾಸ್‌ವರ್ಡನ್ನು ಗೋಡೆಗೆ ಅಂಟಿಸಿದವರದ್ದೇ ದೊಡ್ಡ ತಪ್ಪು ಎಂದು ವಿವರಿಸಿದೆ. ಗಂಗಯ್ಯನವರ ಹೆಸರು ಎಲ್ಲೂ ಹೇಳುವುದಿಲ್ಲ ಎಂದೂ ಮಾತು ಕೊಟ್ಟೆ. ಅವರು ಕೇಳಿಸಿಕೊಂಡರೋ ಇಲ್ಲವೋ. ನಾನು ಉಮೇಶ್ ಅವರ ಕೋಣೆಯಲ್ಲಿ ಕೂತು ಎಲ್ಲ ಬಿಡಿಸಿ ಹೇಳುತ್ತಿದ್ದಾಗ ಗಂಗಯ್ಯ ತಾವೇ ಒಳಗೆ ಬಂದು, ಟೋಪಿ ಕೈಯಲ್ಲಿ ಹಿಡಿದು ನಿಂತು, ಕೊಟ್ಟೋನು ನಾನು ಸಾರ್ ಎಂದುಬಿಟ್ಟರು.

ಉಮೇಶ್ ಏನು ಮಾಡುತ್ತಾರೋ ಎಂದು ನೋಡಿದೆ. ಅವರು ಗಂಗಯ್ಯನ ಕಡೆ ನೋಡಲೇ ಇಲ್ಲ. ಗೋಡೆಯ ಮೇಲಿನ ಪರದೆ ನೋಡುತ್ತಾ ಇದು ಯಾವಾಗಿನಿಂದ ನಡೆಯುತ್ತಿದೆ ಎಂದು ಕೇಳಿದರು. ಹೊಸ ಶೆಡ್ಡು ತೆರೆದ ಕೆಲವೇ ದಿನಗಳಿಂದ ಎಂದೆ. "ಹಂಗಾದ್ರೆ ಜಯಂತಿದೂ ಇದೇನಾ?" ಎಂದರು. ಆಕೆ ಕೆಲಸ ಮಾಡುತ್ತಿದ್ದ ದಿನಗಳನ್ನು ತೆಗೆದು ತೋರಿಸಿದೆ. ಆಕೆಯ ಸ್ಕ್ಯಾನರ್ ವಿಳಾಸ ಕೇಳಿದ್ದು, ಸಿಗದೆ ಮತ್ತೆ ಕೇಳಿದ್ದು, ಮತ್ತೆ ಕೇಳಿದ್ದು ಎಲ್ಲ ಸರ್ವರಿನಲ್ಲಿ ಉಳಿದಿತ್ತು. ಉಮೇಶ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಗಂಗಯ್ಯನಿಗೆ, ಹೋಗಿ ಗೇಟು ನೋಡ್ಕೊಳ್ಳಿ ಅಯ್ಯನೋರೆ, ಲಾರಿ ಬಂದಿರುತ್ತೆ ಎಂದರು. ಆ ವಿಷಯದಲ್ಲಿ ಅವರು ಆಡಿದ ಮಾತು ಅಷ್ಟೇ.

ಮಾರನೆಯ ದಿನ ಕೆಲಸಕ್ಕೆ ಇಳಿದೆ. ಎರಡೂ ಶೆಡ್ಡುಗಳಿಗೆ ಸೇರಿದಂತೆ ಸ್ಕ್ಯಾನರುಗಳಿಗೇ ಒಂದು ನೆಟ್‌ವರ್ಕ್ ಮಾಡಿದೆ, ಬೇಕಾದ್ದಕ್ಕಿಂತ ಹೆಚ್ಚು ವಿಳಾಸ ಕೊಟ್ಟೆ. ಓಣಿ ದಾಟಿದರೂ ವಿಳಾಸ ಬದಲಾಗಬೇಕಿಲ್ಲ. ಚಾಲಕರಿಗೆ ಬೇರೆಯದೇ ಒಂದು ನೆಟ್‌ವರ್ಕ್. ಫೋನು ಅಂಗಳ ಬಿಟ್ಟ ಸ್ವಲ್ಪ ಹೊತ್ತಿಗೇ ಅದರ ವಿಳಾಸ ಇನ್ನೊಬ್ಬರಿಗೆ. ಚಾಲಕರದ್ದನ್ನು ಪೂರ್ತಿ ನಿಲ್ಲಿಸಿಬಿಡಿ ಎಂದು ಮುಖ್ಯ ಕಚೇರಿಯವರು ಫೋನಿನಲ್ಲಿ ಹೇಳಿದ್ದರು. ಉಮೇಶ್ ಒಪ್ಪಲಿಲ್ಲ. ಇಡೀ ದಿನ ಇಲ್ಲಿ ಕಾಯಿಸ್ತೀವಿ, ಇಷ್ಟಾದ್ರೂ ಕೊಡೋಣ ಎಂದು ವಾದ ಮಾಡಿ ಒಪ್ಪಿಸಿದರು.

ಎಲ್ಲ ಸ್ಕ್ಯಾನರುಗಳನ್ನೂ ಹೊಸ ನೆಟ್‌ವರ್ಕಿಗೆ ಸೇರಿಸಬೇಕಿತ್ತು. ಹೆಂಗಸರು ಸಾಲಾಗಿ ಬಂದು ನನ್ನ ಮುಂದೆ ಇಟ್ಟು, ಕೂತು ಹರಟೆ ಹೊಡೆದರು. ಯಾರೋ ಹುರಿಗಡಲೆ ತಂದಿದ್ದರು. ಆ ಗೋದಾಮಿನಲ್ಲಿ ಅವರೆಲ್ಲ ಒಟ್ಟಿಗೆ ಕೂತು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಊಟ ಮುಗಿಸಿ ರತ್ನಮ್ಮನ ಜೊತೆ ಓಣಿ ದಾಟಿದೆ. ಹೊಸ ಶೆಡ್ಡಿಗೆ ಕಾಲಿಟ್ಟರು, ಸ್ಕ್ಯಾನರ್ ಮುಂದಿನ ಸಾಮಾನು ತೋರಿಸಿತು. ಅವರು ಮಾತ್ರ ಅಭ್ಯಾಸಬಲದಿಂದ ಅದನ್ನು ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡು ನಿಂತೇ ಇದ್ದರು. ಬಂದಿದೆ ನೋಡಿ ಎಂದೆ. ನೋಡಿದರು. ನಂಬಿಕೆ ಬಾರದೆ ಓಣಿಗೆ ವಾಪಸ್ ಹೋಗಿ ಇನ್ನೊಂದು ಸಲ ದಾಟಿ ಬಂದರು. ಆಮೇಲೆ ತಮ್ಮ ಅಂಗೈಗಳನ್ನು ತಿರುಗಿಸಿ ನೋಡಿಕೊಂಡು, ಬೆವರಿನದಲ್ಲ ಹಂಗಾದ್ರೆ ಎಂದರು.

ಎಚ್ಚರಿಕೆಗಳನ್ನೆಲ್ಲ ತೆಗೆದುಹಾಕಲು ಮುಖ್ಯ ಕಚೇರಿ ಒಪ್ಪಿತು. ಜಯಂತಿಯ ವಿಷಯ ಮಾತ್ರ ಕಂಟ್ರಾಕ್ಟರಿಗೆ ಬಿಟ್ಟದ್ದು ಎಂದಿತು. ಕಂಟ್ರಾಕ್ಟರ್, ಬೇಕಾದರೆ ಬಂದು ಸೇರಲಿ ಬಿಡಿ ಎಂದು ಫೋನಿನಲ್ಲೇ ಮುಗಿಸಿದ. ಅಷ್ಟು ಸಾಲದು ಎಂದು ಉಮೇಶ್ ಅವರಿಗೆ ಅನ್ನಿಸಿರಬೇಕು. ಒಂದು ಭಾನುವಾರ ತಮ್ಮ ಕಾರಿನಲ್ಲಿ ಜಯಂತಿಯ ಊರಿಗೆ ಹೊರಟರು, ಸರ್ವರಿನ ವಿಷಯ ವಿವರಿಸಲು ಬೇಕಾಗಬಹುದು ಎಂದು ನನ್ನನ್ನೂ ಕರೆದರು. ಊರ ಬಾಗಿಲಲ್ಲಿ ರತ್ನಮ್ಮ ಕಾದಿದ್ದು ಮನೆ ತೋರಿಸಿದರು.

ಮಳೆ ಬಿಟ್ಟು ಬೆಟ್ಟ ಚೊಕ್ಕವಾಗಿ ಕಾಣುತ್ತಿದ್ದ ಬೆಳಿಗ್ಗೆ. ಜಯಂತಿ ಕೈಯಲ್ಲಿ ಕುಡುಗೋಲು ಹಿಡಿದು, ದನಕ್ಕೆ ಹುಲ್ಲು ಕೊಯ್ಯಲು ಹೊರಟಿದ್ದಳು. ಮೂವತ್ತರ ಒಳಗಿನ ಸಣಕಲು ಹೆಣ್ಣುಮಗಳು. ಮ್ಯಾನೇಜರನ್ನು ನೋಡಿದ್ದೇ ಮುಖ ಬಿಳಿಚಿಕೊಂಡಿತು. ಇನ್ನೇನು ತಪ್ಪು ಹೊರಿಸಲು ಬಂದರೋ ಎಂದುಕೊಂಡಳೋ ಏನೋ. ಜಗುಲಿಯಲ್ಲಿ ಅವಳ ಅತ್ತೆ ಕೂತು ಅಕ್ಕಿ ಆರಿಸುತ್ತಿದ್ದರು. ಸೊಸೆ ಕೆಲಸಕ್ಕೆ ಹೋಗುವುದು ಅವರಿಗೆ ಮೊದಲಿನಿಂದಲೂ ಇಷ್ಟವಿರಲಿಲ್ಲ, ಬಿಡಿಸಿದ ಮೇಲಂತೂ ಅಲ್ಲೂ ಮೈಗಳ್ಳತನ ಮಾಡಿ ಬಂದಳು ಎಂದು ಬಾವಿಕಟ್ಟೆಯವರೆಗೂ ಹೇಳಿಕೊಂಡು ಬಂದಿದ್ದರು ಎಂದು ದಾರಿಯಲ್ಲಿ ರತ್ನಮ್ಮ ಹೇಳಿದ್ದರು.

ಉಮೇಶ್ ಅಂಗಳದಲ್ಲಿ ನಿಂತುಕೊಂಡೇ ವಿಷಯ ಹೇಳಿದರು. ತಪ್ಪು ಯಂತ್ರದ್ದು, ಕೆಲಸ ಮತ್ತೆ ಕೊಡುತ್ತೇವೆ, ನಾಳೆಯಿಂದಲೇ ವ್ಯಾನು ಹತ್ತಬಹುದು ಎಂದರು. ಜಯಂತಿ ತಲೆ ತಗ್ಗಿಸಿ ಕೇಳಿದಳು. ನೆಲಮಂಗಲದ ಹತ್ತಿರ ಒಂದು ಗಾರ್ಮೆಂಟ್ಸಿಗೆ ಸೇರಲು ಆಗಲೇ ಮಾತಾಡಿದ್ದಾಳಂತೆ, ಹಬ್ಬ ಮುಗಿದ ಮೇಲೆ ಹೋಗಬೇಕಂತೆ. ಅಷ್ಟು ಹೇಳಿ ಅವಳು ತಲೆ ಎತ್ತಿದಳು.

"ಕೆಲ್ಸ ಬ್ಯಾಡ ಸಾರ್. ನೀವು ಈಗ ಹೇಳಿದ್ರಲ್ಲ, ಅದನ್ನ ನಮ್ಮತ್ತೆಗೆ ಕೇಳೋ ಹಂಗೆ ಇನ್ನೊಂದ್ಸಲ ಹೇಳ್ಬಿಟ್ಟು ಹೋಗಿ."

ಉಮೇಶ್ ಚಪ್ಪಲಿ ಬಿಟ್ಟು ಜಗುಲಿಯ ಹತ್ತಿರ ಹೋದರು. ಆ ಹಿರಿಯಾಕೆಯ ಮುಂದೆ ಬಗ್ಗಿ, ಸ್ಪಷ್ಟವಾಗಿ, ಒಂದೊಂದೇ ಮಾತಾಗಿ ಹೇಳಿದರು.

"ಅಮ್ಮಾ, ನಿಮ್ ಸೊಸೆ ಸೋಮಾರಿ ಅಲ್ಲ. ಚೆನ್ನಾಗೇ ಕೆಲಸ ಮಾಡ್ತಿದ್ರು. ನಾವು ಸರಿಯಾಗಿ ನೋಡ್ದೆ ಕಳಿಸ್ಬಿಟ್ವಿ."

ಪಕ್ಕದ ಮನೆಯವರೂ ಬಾಗಿಲಿಗೆ ಬಂದು ಕೇಳುತ್ತಿದ್ದರು. ಅತ್ತೆ ಮೊರವನ್ನು ಬದಿಗಿಟ್ಟು, ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಎದ್ದರು. ಜಗುಲಿ ಇಳಿದು ಬಂದು ಸೊಸೆಯ ಕೈಯಿಂದ ಕುಡುಗೋಲು ತೆಗೆದುಕೊಂಡರು.

"ಬಂದೋರ್‌ಗೆ ಕಾಫಿ ಮಾಡ್ಕೊಡು, ಕೂತ್ಕೊಂಡು ಮಾತಾಡು," ಎಂದರು. "ಹುಲ್ಲು ನಾನ್ ಕುಯ್ಕೊಂಡ್ ಬರ್ತೀನಿ."